ಮೂಲಿ ಲಕ್ಕವ್ವನನ್ನು ನಾನು ತೊಳೆದದ್ದು

ಅರ್ಧ ಲೀಟರ್ ಸೀಮೆಎಣ್ಣೆ, ಒಂದು ಹಳೆಯ ಬನಿಯನ್, ಒಂದು ತಂತಿ ಬ್ರಶ್. ದೇವರನ್ನು ಕಲ್ಲು ಮಾಡಲು ಇಷ್ಟು ಸಾಕಾಗುತ್ತದೆ. ನಾನು ಮಾಡಿ ನೋಡಿದ್ದೇನೆ. ಅದೇ ಕಲ್ಲನ್ನು ಮತ್ತೆ ದೇವರು ಮಾಡಲು ಏನೇನು ಬೇಕಾಗುತ್ತದೆ ಎಂಬುದು ಮಾತ್ರ ನನಗೆ ತಿಳಿದದ್ದು ಮೊನ್ನೆ.

ಹಳೆಯ ಓದುಗರಿಗೆ ನನ್ನ ಚಟ ಗೊತ್ತು. ಯಾರು ಏನು ಹೇಳಿದರೂ ‘ಯಾರು ನೋಡಿದ್ದಾರೆ?’ ಎಂದು ಕೇಳುವುದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬು ಕಡಿಯುವ ಚೀಟಿ ಹಂಚುವ ‘ಸ್ಲಿಪ್ ಬಾಯ್’ ಆಗಿ ಸೇರಿ, ತಲೆ ಪೂರ್ತಿ ಬೆಳ್ಳಗಾದ ಮೇಲೆ ‘ಬಾಯ್’ ಆಗಿಯೇ ನಿವೃತ್ತನಾದವನು ನಾನು. ಉಳಿದ ವಿದ್ಯೆಯೆಲ್ಲ ಅಥಣಿಯ ವಾಚನಾಲಯದ ಬೆಂಚಿನ ಮೇಲೆ ಸಂಪಾದಿಸಿದ್ದು. ಗುರುವಿಲ್ಲದೆ ಕಲಿತವನಿಗೆ ಒಂದು ತೊಂದರೆಯಿದೆ. ‘ಸಾಕು, ಕೂಡ್ರು’ ಎಂದು ಅವನಿಗೆ ಹೇಳುವವರು ಯಾರೂ ಇರುವುದಿಲ್ಲ. (ನನ್ನ ಹೆಂಡತಿ ಹೇಳುತ್ತಾಳೆ. ಆದರೆ ಅವಳು ನನ್ನ ಗುರು ಎಂಬುದನ್ನು ನಾನಿನ್ನೂ ಒಪ್ಪಿಕೊಂಡಿಲ್ಲ.)

ಕಾಗವಾಡದ ಆಚೆಗಿರುವ ನಮ್ಮ ಹಳ್ಳಿಯಲ್ಲಿ ಕಲ್ಲವ್ವ ಎಂಬ ಹೆಣ್ಣುಮಗಳಿದ್ದಾಳೆ. ಗಂಡ ತೀರಿಕೊಂಡು ಹತ್ತು ವರ್ಷವಾಯಿತು. ಅವಳಿಗಿರುವುದು ಒಂದೆಕರೆ ಕಬ್ಬಿನ ಹೊಲ. ಅದರ ಪಕ್ಕದಲ್ಲಿ ಅಣ್ಣಾಸಾಹೇಬನ ದ್ರಾಕ್ಷಿ ತೋಟ. ಎರಡೂ ಕೂಡುವ ಮೂಲೆಯಲ್ಲಿ, ಕಾಲುವೆಯ ನೀರು ಕಲ್ಲವ್ವನ ಹೊಲಕ್ಕೆ ಇಳಿಯುವ ಜಾಗದಲ್ಲೇ, ಮೊಳದೆತ್ತರದ ದೇವಿಯೊಬ್ಬಳಿದ್ದಳು. ಮೂಲಿ ಲಕ್ಕವ್ವ. ಭೂಮಿಯಿಂದ ತಾನಾಗಿ ಮೂಡಿದವಳು, ವರ್ಷಕ್ಕೊಂದು ಗೋಧಿ ಕಾಳಿನಷ್ಟು ಬೆಳೆಯುತ್ತಾಳೆ ಎಂದು ಊರು ಹೇಳುತ್ತಿತ್ತು.

ಬೆಳೆಯುವುದೇನೋ ನಿಜ. ವರ್ಷವರ್ಷವೂ ಎಣ್ಣೆಯಲ್ಲಿ ಕಲಸಿದ ಸಿಂದೂರವನ್ನು ಮೆತ್ತುತ್ತ ಹೋದರೆ ನಾನೂ ಬೆಳೆಯುತ್ತೇನೆ.

ಇದನ್ನು ಸಾಬೀತುಪಡಿಸಲು ನಾನು ಆರಿಸಿಕೊಂಡದ್ದು ಎಳ್ಳ ಅಮಾವಾಸ್ಯೆಯನ್ನು. ಅಂದು ಇಡೀ ಊರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬರುತ್ತದೆ. ಬೆಳೆಗೆ ಎಡೆಯ ಅಡಿಗೆಯನ್ನು ಚರಗವೆಂದು ಚೆಲ್ಲಿ, ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆಗಳನ್ನು ಹೊಟ್ಟೆ ಬಿರಿಯೆ ಉಂಡು ನೆರಳಿನಲ್ಲಿ ಅಡ್ಡಾಗುತ್ತದೆ. ಹೊಟ್ಟೆ ತುಂಬಿದವರು ಎದ್ದು ಹೋಗುವುದಿಲ್ಲ. ಉಪನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ ಸಿಗುತ್ತದೆ?

ನಾನು ಚೀಲದಿಂದ ಸೀಮೆಎಣ್ಣೆ ತೆಗೆದಾಗ ಕಲ್ಲವ್ವ ತಟ್ಟೆ ಬಿಟ್ಟು ಎದ್ದಳು.

“ಕಾಕಾ, ಬ್ಯಾಡ್ರಿ. ಇದ್ದಂಗ ಇರ್ಲಿ ಬಿಡ್ರಿ.”

“ಹೆದರಬ್ಯಾಡ ತಂಗಿ. ಖರೇ ಏನು ಅನ್ನೂದು ತಿಳದ್ರ ಯಾರಿಗೇನ ಲುಕ್ಸಾನ?”

“ತಿಳಕೊಂಡ ಏನ ಮಾಡ್ತೀರಿ?”

ಈ ಪ್ರಶ್ನೆಗೆ ಆಗಲೇ ಉತ್ತರ ಹುಡುಕಿದ್ದರೆ ಈ ಅಂಕಣ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನಾನು ಉಜ್ಜಿದೆ. ಕೆಂಪು ಹೋಯಿತು, ಕೆಳಗಿನ ಕೇಸರಿ ಹೋಯಿತು, ಅದರ ಕೆಳಗಿನ ಕಪ್ಪು ಜಿಡ್ಡೂ ಹೋಯಿತು. ಕಡೆಗೆ ನಾಲ್ಕು ಮುಖ ಸಮನಾಗಿ ಕಡೆದ ಕಲ್ಲೊಂದು ಹೊರಬಿತ್ತು. ನೆತ್ತಿಯ ಮೇಲೆ ಉಳಿಯಿಂದ ಕೊರೆದ ಗುಣಾಕಾರ ಚಿಹ್ನೆ. ಹಳೆಯ ಕಾಲದ ಬಾಂದುಕಲ್ಲು! ಹೊಲದ ಗಡಿ ತೋರಿಸಲು ಸರ್ಕಾರ ನೆಟ್ಟದ್ದು. ದೇವಿಯೂ ಅಲ್ಲ, ಮೂಡಿದ್ದೂ ಅಲ್ಲ.

ಹೆಂಗಸರು ಸೆರಗನ್ನು ಬಾಯಿಗೆ ಹಿಡಿದರು. ನನ್ನ ಹೆಂಡತಿ, “ಕಲ್ಲಿಗೆ ಕೈ ಮುಗದಿದ್ರ ನಿಮಗೇನ ಮುಳ್ಳ ಚುಚ್ಚತಿತ್ತೇನ್ರಿ?” ಎಂದಳು. ಕೇಳುಗರಲ್ಲಿ ಒಬ್ಬನೇ ಒಬ್ಬ ಎದ್ದು ಹತ್ತಿರ ಬಂದು, ಬಗ್ಗಿ, ಕಣ್ಣಿಟ್ಟು ನೋಡಿದ. ಅವನು ಅಣ್ಣಾಸಾಹೇಬ.

“ಹಂಗಾರ ಇದ ದೇವ್ರ ಅಲ್ಲೇನ್ರಿ ಕಾಕಾ?”

“ಅಲ್ಲ.”

“ಪಕ್ಕಾ?”

“ನೂರಕ್ಕ ನೂರ.”

“ನಿಮ್ಮಂಥಾವ್ರ ಊರಿಗೊಬ್ರ ಬೇಕ ನೋಡ್ರಿ,” ಎಂದು ಅವನು ನನ್ನ ಕೈ ಕುಲುಕಿದ. ಅರವತ್ತೆಂಟು ವರ್ಷಗಳಲ್ಲಿ ನನಗೆ ದೊರೆತ ಮೊದಲ ಶಿಷ್ಯ. ಆ ರಾತ್ರಿ ನಾನು ಸುಖವಾಗಿ ನಿದ್ರಿಸಿದೆ.

ಎಂಟು ದಿನಕ್ಕೆ ಅಣ್ಣಾಸಾಹೇಬ ಜೆಸಿಬಿ ತರಿಸಿದ.

ಅವನ ದ್ರಾಕ್ಷಿ ಸಾಲುಗಳು ಆ ಮೂಲೆಗೆ ಬಂದಾಗ ಲಕ್ಕವ್ವನಿಗೆ ಅಂಜಿ ಸೊಂಟ ಬಾಗಿಸುತ್ತಿದ್ದವು. ಈಗ ನೆಟ್ಟಗಾದವು. ಕಲ್ಲು ಕಿತ್ತು ಬಂತು, ಬದು ಸಮನಾಯಿತು, ತಂತಿ ಬೇಲಿ ಎಂಟು ಹೆಜ್ಜೆ ಈಚೆಗೆ ಸರಿಯಿತು. ಕಾಲುವೆಯ ನೀರು ಇಳಿಯುವ ದಾರಿ ಬೇಲಿಯ ಆ ಕಡೆಗೆ ಉಳಿಯಿತು, ಕಲ್ಲವ್ವನ ಕಬ್ಬು ಈ ಕಡೆಗೆ.

ಅವಳು ನಮ್ಮ ಮನೆಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ವಾದಿಸಬಹುದಿತ್ತು. ಕಟ್ಟೆಯ ಮೇಲೆ ಕೂತು, “ಕಾಕಾ, ನೀರ ನಿಂತಾವ್ರಿ,” ಎಂದಳು, ಅಷ್ಟೇ.

ನಾನು ತಕ್ಷಣ ಅಣ್ಣಾಸಾಹೇಬನ ತೋಟಕ್ಕೆ ಹೋದೆ. ನನ್ನನ್ನು ಕಂಡವನೇ ಮರಾಠಿಯಲ್ಲಿ ಸ್ವಾಗತಿಸಿದ (ಖುಷಿಯಾದಾಗ ಅವನಿಗೆ ಮರಾಠಿ ಬರುತ್ತದೆ). “ಯಾ ಯಾ ಕಾಕಾ, ಬಸಾ!”

“ಬಸಾ ಗಿಸಾ ಬಿಡು. ಕಲ್ಲ ಯಾಕ ಕಿತ್ತಿ?”

“ನೀವ ಹೇಳೀರಲ್ರಿ, ಅದು ಕಲ್ಲ ಅಂತ.”

“ಬಾಂದುಕಲ್ಲ ಅಂತ ಹೇಳಿದ್ನ್ಯೋ! ಗಡಿ ಕಲ್ಲು!”

“ಅದೆಲ್ಲಾ ನಂಗ ತಿಳ್ಯಾಂಗಿಲ್ಲ ಕಾಕಾ. ದೇವ್ರ ಐತಿ ಅಂತ ನಮ್ಮಪ್ಪ ಅಂಜಿದಾ, ನಾನೂ ಅಂಜಿದೆ. ನೀವ ಅಂಜಿಕಿ ಬಿಡಿಸಿದ್ರಿ. ನಿಮ್ಮ ಉಪಕಾರ.”

ಮಾತಾಡುತ್ತಲೇ ಅವನು ಪಂಪ್‌ಹೌಸಿನ ಹೊಸ ಮೆಟ್ಟಿಲಿನ ಮೇಲೆ ಕಾಲಿಟ್ಟು ಚಪ್ಪಲಿಯ ಕೆಸರು ಒರೆಸಿದ. ಮೆಟ್ಟಿಲಿನ ನೆತ್ತಿಯಲ್ಲಿ ಗುಣಾಕಾರ ಚಿಹ್ನೆ ಇತ್ತು. ನನಗೆ ದೇವರಲ್ಲಿ ನಂಬಿಕೆಯಿಲ್ಲ. ಆದರೂ ಆ ಕಾಲನ್ನು ಎತ್ತಿಸಬೇಕು ಎನ್ನಿಸಿತು. ಯಾಕೆ? ಇದನ್ನು ಯಾವ ವಾಚನಾಲಯದಲ್ಲಿ ಹುಡುಕಲಿ?

ಇರಲಿ. ವಿಚಾರವಾದಿಗೆ ದೇವರಿಲ್ಲದಿದ್ದರೂ ಸರ್ಕಾರವಿದೆಯಲ್ಲ. ಹದ್ದುಬಸ್ತಿಗೆ, ಎಂದರೆ ಗಡಿ ಅಳೆದು ಕೊಡುವಂತೆ, ಕಲ್ಲವ್ವನ ಪರವಾಗಿ ನಾನೇ ಅರ್ಜಿ ಬರೆದೆ. ಭೂಮಾಪನದ ಇತಿಹಾಸ ಸಮೇತ ಮೂರು ಪುಟ. ಗುಮಾಸ್ತರು ಮೊದಲ ಸಾಲನ್ನು ಓದಿ, “ಇದ ಅರ್ಜಿ ಏನ್ರಿ, ಪುರಾಣ ಏನ್ರಿ?” ಎಂದರು. ನನ್ನ ಬದುಕಿನಲ್ಲಿ ಪುರಾಣವೆಂಬ ಬೈಗುಳ ನನಗೇ ಬಂದದ್ದು ಅದೇ ಮೊದಲು.

ಅರ್ಜಿ ಮಲಗಿತು. ಕಲ್ಲವ್ವ ದಿನವೂ ಆಚೆಯ ಬಾವಿಯಿಂದ ಕೊಡ ಹೊತ್ತು ಕಬ್ಬಿನ ಬುಡಕ್ಕೆ ಸುರಿದಳು. ಕೊಡದಿಂದ ಕಬ್ಬು ಬೆಳೆಯುತ್ತದೆಯೇ? ಸುತ್ತಲಿನ ಕಬ್ಬು ಆಳೆತ್ತರವಾದಾಗ ಅವಳದು ಮೊಳಕಾಲಿನಲ್ಲೇ ನಿಂತಿತು. ಆ ದಾರಿಯಲ್ಲಿ ವಾಕಿಂಗ್ ಹೋಗುವುದನ್ನು ನಾನು ಬಿಟ್ಟೆ. ಮಂಡಿನೋವು ಎಂದು ಮನೆಯಲ್ಲಿ ಹೇಳಿದೆ. ಹೆಂಡತಿ ಕೇಳಿದಳು: “ಯಾರ ನೋಡ್ಯಾರ?”

ಕಳೆದ ವಾರ ಸರ್ವೆಯರ್ ಬಂದರು. ಮಗಳ ವಯಸ್ಸಿನ ಹೆಣ್ಣುಮಗಳು, ರಾಯಬಾಗದ ಕಡೆಯವರು. ಸರಪಳಿ, ನಕ್ಷೆ, ಟೋಪಿ. ಬಂದವರೇ ಕೇಳಿದರು:

“ಹಳೇ ಕಲ್ಲ ಎಲ್ಲಿ ಐತ್ರಿ? ಒಂದ ತುದೀಗೆ ಕಾಲುವಿ ಸೇತುವೆ ಹಿಡಿತೀನಿ. ಇನ್ನೊಂದ ತುದಿ ಬೇಕಲ್ಲ?”

“ಬ್ಯಾರೆ ಯಾವ್ದರ ಕಲ್ಲು…” ಎಂದೆ ನಾನು.

“ಟ್ರ್ಯಾಕ್ಟರ್ ಬಂದ ಮ್ಯಾಲೆ ಯಾವ ಕಲ್ಲ ಉಳದಾವ್ರಿ ಅಜ್ಜಾರ? ಎಲ್ಲಾ ಕಿತ್ತ ಒಗದಾರ. ಈ ಸೀಮಿಯೊಳಗ ಇನ್ನೂ ಐತಿ ಅಂತ ನಮ್ಮ ಹಿಂದಿನವ್ರ ಬರದಿಟ್ಟದ್ದು ಇದೊಂದ. ಕುಂಕುಮ ಹಚ್ಚಿದ್ದರು, ಅದಕ್ಕ ಉಳದಿತ್ತು.” ಆಮೇಲೆ ಕೈಯಲ್ಲಿದ್ದ ನನ್ನ ಮೂರು ಪುಟದ ಅರ್ಜಿ ತಿರುವಿ, ಸುತ್ತ ನೋಡಿ, “ಅದನ್ನ ತೊಳದ ಶಾಣ್ಯಾ ಯಾರ್ರಿ?” ಎಂದರು.

ಎಲ್ಲರೂ ನನ್ನತ್ತ ನೋಡಿದರು. ನಾನು ಆಕಾಶದತ್ತ ನೋಡಿದೆ. (ಅಲ್ಲಿ ಯಾರೂ ಇಲ್ಲವೆಂದು ಮೂವತ್ತು ವರ್ಷಗಳಿಂದ ಬರೆಯುತ್ತಿದ್ದೇನೆ.)

“ಕಲ್ಲ ಇದ್ದ ಜಾಗಾ ನನಗ ಗೊತ್ತೈತ್ರಿ,” ಎಂದು ಅಣ್ಣಾಸಾಹೇಬ ತನ್ನ ಬೇಲಿಯ ಬುಡವನ್ನು ತೋರಿಸಿದ. ಕಲ್ಲವ್ವ ಅವನ ಕಡೆ ತಿರುಗಿಯೂ ನೋಡಲಿಲ್ಲ. ಬೇಲಿಯ ತಂತಿಯನ್ನು ಎತ್ತಿ, ನುಸುಳಿ, ದ್ರಾಕ್ಷಿ ಸಾಲಿನ ನಡುವೆ ನಿಂತು, “ಇಲ್ಲಿ ಅಗೀರಿ,” ಎಂದಳು.

“ನೆಲಾ ಎಲ್ಲಾ ಒಂದ ನಮೂನಿ ಐತಿ. ಹೆಂಗ ಹೇಳ್ತೀ?” ಎಂದ ಅಣ್ಣಾಸಾಹೇಬ.

“ಇಪ್ಪತ್ತೈದ ವರ್ಷ ಇಲ್ಲೇ ಬಗ್ಗೇನಲ್ಲಪಾ. ನನ್ನ ಮೊಳಕಾಲಿಗೆ ಗೊತ್ತೈತಿ.”

ಅಗೆದರು. ಒಂದು ಗೇಣು, ಎರಡು ಗೇಣು, ಬರೀ ಮಣ್ಣು. ಮೂರನೆಯ ಗೇಣಿಗೆ ಸಲಿಕೆ ಕಿರ್ರೆಂದಿತು. ಹಸಿರು ಗಾಜು. ಬಳೆ ಚೂರುಗಳು. ಹೆಂಗಸರು ಲಕ್ಕವ್ವನ ಉಡಿ ತುಂಬುವಾಗ ಇಟ್ಟ ಬಳೆಗಳು ಒಡೆದು, ಮಣ್ಣಿಗಿಳಿದು, ಪದರ ಪದರವಾಗಿ ಕೂತಿದ್ದವು. ಅದರ ಜೊತೆಗೆ ತೆಂಗಿನ ಚಿಪ್ಪು, ಕರ್ಪೂರದ ಮಸಿ ಕಟ್ಟಿದ ಮಣ್ಣು. ಎಲ್ಲವೂ ಒಂದು ಚೌಕದ ಸುತ್ತ, ನಡುವೆ ಕಲ್ಲು ನಿಂತಿದ್ದ ಕುಳಿ.

ಸರ್ವೆಯರ್ ಆ ಕುಳಿಯಲ್ಲಿ ಸರಪಳಿಯ ತುದಿ ಹಿಡಿದು ಸೇತುವೆಯವರೆಗೆ ಅಳೆದರು. ನಕ್ಷೆಯೊಂದಿಗೆ ತಾಳೆ ನೋಡಿದರು. “ಒಂದ ಗೇಣ ಫರಕ ಇಲ್ಲ,” ಎಂದರು.

ದೇವರಿಲ್ಲ ಎಂದು ತೋರಿಸಲು ನನಗೆ ಅರ್ಧ ಲೀಟರ್ ಸೀಮೆಎಣ್ಣೆ ಸಾಕಾಗಿತ್ತು. ಅಲ್ಲಿ ಒಂದು ಕಲ್ಲಿತ್ತು ಎಂದು ತೋರಿಸಲು ಹೆಂಗಸರ ಅಷ್ಟು ವರ್ಷಗಳ ಬಳೆಗಳು ಬೇಕಾದವು.

ಪಂಪ್‌ಹೌಸಿನ ಮೆಟ್ಟಿಲು ಎದ್ದು ಬಂತು. ಕಲ್ಲು ತನ್ನ ಕುಳಿಗೆ ಇಳಿಯಿತು. ಬೇಲಿ ಹಿಂದಕ್ಕೆ ಸರಿಯಿತು. ಸಂಜೆಗೆ ನೀರು ಕಲ್ಲವ್ವನ ಹೊಲಕ್ಕೆ ಇಳಿಯುವಾಗ ನಾನು ಬದುವಿನ ಮೇಲೆ ಅವಳ ಪಕ್ಕ ನಿಂತಿದ್ದೆ. ತಪ್ಪಾಯಿತು ಎನ್ನಬೇಕಿತ್ತು. ಸ್ವಾಧ್ಯಾಯದಲ್ಲಿ ಆ ಪಾಠ ನನಗೆ ಬಂದಿರಲಿಲ್ಲ. ಬದಲಿಗೆ ಇತಿಹಾಸ ಹೇಳಲು ಹೊರಟೆ: “ನೋಡ ತಂಗಿ, ಹಳೇ ಕಾಲದಾಗ ಸರ್ಕಾರದವರು ಇಂಥಾ ಕಲ್ಲ…”

“ಗೊತ್ತೈತ್ರಿ ಕಾಕಾ.”

“ಏನ ಗೊತ್ತೈತಿ?”

“ಬಾಂದಿನ ಕಲ್ಲ ಅಂತ. ನಮ್ಮತ್ತಿಗೂ ಗೊತ್ತಿತ್ತು. ಮಾವ ಸತ್ತ ಮ್ಯಾಲೆ, ಆಗ ಆಚೀ ಹೊಲದಾಗಿದ್ದ ಅಕಿ ಭಾವ–ಮೈದುನರು ಆ ಕಲ್ಲ ಸರಸಾಕ ಹತ್ತಿದ್ರಂತ. ಒಂದಿನ ನಮ್ಮತ್ತಿ ನಸಿಕಿನ್ಯಾಗ ಎದ್ದ ಹೋಗಿ ಕುಂಕುಮ ಹಚ್ಚಿ, ಕಾಯಿ ಒಡದು, ಕನಸಿನ್ಯಾಗ ಲಕ್ಕವ್ವ ಬಂದಿದ್ಲು ಅಂದ್ಲಂತ. ಅವತ್ತಿಂದ ಯಾರೂ ಮುಟ್ಟಲಿಲ್ಲ.”

ನಾನು ಒಂದು ಇಡೀ ಮಧ್ಯಾಹ್ನ ಉಜ್ಜಿ ಕಂಡುಹಿಡಿದ ಸತ್ಯವನ್ನು ಈ ಮನೆಯ ಹೆಂಗಸರು ಎರಡು ತಲೆಮಾರಿನಿಂದ ಅಡಿಗೆಮನೆಯಲ್ಲಿ ಇಟ್ಟುಕೊಂಡಿದ್ದರು.

“ಮತ್ತ ಅವತ್ತ ಯಾಕ ಹೇಳಲಿಲ್ಲ?”

“ಎಲ್ಲಾರ ಮುಂದ ಹೇಳಿದ್ರ ಉಳೀತಿತ್ತೇನ್ರಿ? ಬ್ಯಾಡ್ರಿ ಅಂತ ಅಂದ್ನಲ್ರಿ. ನೀವು ಯಾಕ ಅಂತ ಕೇಳಲಿಲ್ಲ.”

ಎಲ್ಲರನ್ನೂ, ಎಲ್ಲವನ್ನೂ ಪ್ರಶ್ನಿಸುವ ನಾನು ಕೇಳದೆ ಬಿಟ್ಟದ್ದು ಅದೊಂದೇ ಪ್ರಶ್ನೆ.

“ಅಂದ್ರ ನೀನೂ ನಂಬಾಂಗಿಲ್ಲ?” ಎಂದೆ, ಕೊಂಚ ಆಸೆಯಿಂದ.

“ಅಯ್ಯ, ಹಂಗಲ್ರಿ. ಇಷ್ಟ ವರ್ಷ ಹೊಲಾ ಕಾದಾಳ. ದೇವ್ರಾದ್ರ ಇನ್ನೇನ ಮಾಡಬೇಕ್ರಿ?” ಎನ್ನುತ್ತ ಕಲ್ಲವ್ವ ಸೆರಗಿನ ಗಂಟು ಬಿಚ್ಚಿ ಕುಂಕುಮ ತೆಗೆದು ಕಲ್ಲಿನ ನೆತ್ತಿಗೆ ಮೆತ್ತಿದಳು. ಗುಣಾಕಾರ ಚಿಹ್ನೆ ಮುಚ್ಚಿಹೋಯಿತು.

ನಿಪ್ಪಾಣಿಯ ಕಾಂಪ್ಲೆಕ್ಸೊಂದರ ಮೆಟ್ಟಿಲ ಮೂಲೆಗಳಲ್ಲಿ, ಜನ ಎಲೆಯಡಿಕೆ ಉಗುಳದಿರಲೆಂದು ದೇವರ ಚಿತ್ರವಿರುವ ಟೈಲ್ಸ್ ಅಂಟಿಸಿದ್ದಾರೆಂದು ಹಿಂದೊಮ್ಮೆ ಇದೇ ಅಂಕಣದಲ್ಲಿ ಗೇಲಿ ಮಾಡಿದ್ದೆ. ಆ ಮೆಟ್ಟಿಲು ದಿನವೂ ಒರೆಸುವವಳನ್ನು ಕೇಳಿ ಬರೆದಿದ್ದೆನೇ? ಇಲ್ಲ.

ಒಂದು ಸಂಶಯ ಮಾತ್ರ ನನ್ನನ್ನು ಬಿಡಲಿಲ್ಲ. ಒಳ್ಳೆಯ ಕೆಲಸ ಮಾಡಿದ ಸುಳ್ಳನ್ನು ಸುಳ್ಳು ಎನ್ನದೆ ಇರಬಹುದೆ? ಅಂಥ ಸುಳ್ಳುಗಳ ಬೆನ್ನೇರಿಯೇ ಎಷ್ಟೋ ಕೆಟ್ಟವು ಊರು ಹೊಕ್ಕಿವೆ. ಇದಕ್ಕೆ ಉತ್ತರ ಸಿಕ್ಕ ಮೇಲೆಯೇ ಮತ್ತೆ ಬಾಯಿ ಬಿಡಬೇಕೆಂದು ನಿರ್ಧರಿಸಿದೆ.

ನಿನ್ನೆ ಮುಂಜಾನೆ ಚಹಾದಂಗಡಿಯಲ್ಲಿ ಹೊಸ ಕತೆ ಹುಟ್ಟಿತ್ತು. ಲಕ್ಕವ್ವನನ್ನು ಕಿತ್ತ ಜೆಸಿಬಿ ಡ್ರೈವರನ ಬಲಗೈ ಮೂರು ದಿನ ಮೇಲಕ್ಕೆ ಏಳಲೇ ಇಲ್ಲವಂತೆ. (ಅವನನ್ನು ಮರುದಿನವೇ ನಾನು ಕಾಗವಾಡದ ಸ್ಟ್ಯಾಂಡಿನಲ್ಲಿ ಕಂಡಿದ್ದೆ. ಅದೇ ಕೈಯಿಂದ ಭಜಿ ತಿನ್ನುತ್ತಿದ್ದ.) ಎದುರು ಬೆಂಚಿನಲ್ಲಿ ಅಣ್ಣಾಸಾಹೇಬ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು, ಕುಡಿಯದೆ, ಕಿವಿಯಾಗಿ ಕೂತಿದ್ದ. (ಅವನು ಪತ್ರಿಕೆಯಲ್ಲಿ ರಾಶಿಭವಿಷ್ಯ ಬಿಟ್ಟು ಬೇರೇನನ್ನೂ ಓದುವುದಿಲ್ಲ. ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.)

ಅಂಗಡಿಯವನು ನನ್ನತ್ತ ತಿರುಗಿ ಕೇಳಿದ: “ಕಾಕಾ, ನೀವ ಯಾವದೂ ಹಂಗ ನಂಬೋರಲ್ಲ. ನೀವ ಹೇಳ್ರಿ, ಮೂರ ದಿನಾ ಕೈ ಎದ್ದಿರಲಿಲ್ಲಂತ, ಖರೇ ಏನ್ರಿ?”

ಆಗಷ್ಟೇ ಬಾಯಿಗೆ ಹೊರಟಿದ್ದ ಅಣ್ಣಾಸಾಹೇಬನ ಬಸಿ ಅರ್ಧಕ್ಕೆ ನಿಂತಿತು. ನಾನು ಗಂಟಲು ಸರಿಪಡಿಸಿಕೊಂಡೆ.

“ಸುಳ್ಳು,” ಎಂದೆ. “ಎಂಟ ದಿನಾ.”