ಕೂಡದ ಇಪ್ಪತ್ತೆಂಟು ಮೀಟರ್

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ತೈಲ ಕಂಪನಿಯೊಂದರಲ್ಲಿ ಹಿರಿಯ ಭೂವಿಜ್ಞಾನಿಯಾಗಿದ್ದೆ. ನೆಲದಡಿಯ ತೈಲಕ್ಷೇತ್ರದ ಮಾಡೆಲ್ ಕಟ್ಟುವುದು ನನ್ನ ಕೆಲಸ. ನೆಲಕ್ಕೆ ಕಂಪನ ಕಳುಹಿಸಿ, ಅದರ ಮರುದನಿಯಿಂದ ಪಡೆದ ಸೈಸ್ಮಿಕ್ ಚಿತ್ರಗಳನ್ನೂ ಹಳೆಯ ಬಾವಿಗಳಲ್ಲಿ ಸಿಕ್ಕ ಕಲ್ಲಿನ ವಿವರಗಳನ್ನೂ ಹೊಂದಿಸಿ, ಎರಡು ಕಿಲೋಮೀಟರ್ ಆಳದಲ್ಲಿ ಎಣ್ಣೆ ತುಂಬಿದ ಮರಳುಗಲ್ಲು ಎಲ್ಲಿದೆ ಎಂದು ತೋರಿಸಬೇಕು. ಕಾಣದ್ದಕ್ಕೆ ನಕಾಶೆ ಬರೆದು ಸಹಿ ಹಾಕುವ ಧೈರ್ಯ ನನಗೆ ತುಸು ಹೆಚ್ಚೇ ಇತ್ತು.

ಆ ಕ್ಷೇತ್ರದ ನಡುವೆ ಒಂದು ಫಾಲ್ಟ್ ಇತ್ತು, ಅಂದರೆ ಪದರಗಳು ಸೀಳಿ ಒಂದು ಪಕ್ಕ ಕೆಳಗೆ ಜಾರಿದ ಜಾಗ. ಚಿತ್ರದಲ್ಲಿ ಪದರಗಳೆಲ್ಲ ಅವಳಿಜವಳಿಯಂತೆ ಕಾಣುತ್ತವೆ. ಈಚೆಯ ಪದರಕ್ಕೆ ಆಚೆಯ ಯಾವುದು ಜೋಡಿ ಎಂದು ಗುರುತಿಸಿದವನು ನಾನು. ಅದನ್ನು ನಂಬಿ ಆಚೆ ಪಕ್ಕದಲ್ಲಿ ಹೊಸ ಬಾವಿಗೆ ಜಾಗ ನಿಶ್ಚಯಿಸಿದರು. ಬಾವಿ ಕೊರೆಯುವ ಯಂತ್ರ, ರಿಗ್, ಹೊರಡಲು ಎಂಟೇ ದಿನ ಉಳಿದಿತ್ತು.

ನನ್ನ ಕೈಕೆಳಗಿದ್ದ ರೆಹಾನಾ ಲಕ್ಷ್ಮೇಶ್ವರದವಳು. ನಮ್ಮಿಬ್ಬರದು ಊರ ಮಾತೇ.

"ಸರ, ಒಂದ ಪದರ ಹಿಡಿದು ಫಾಲ್ಟ್ ಮುಗಿಯೋ ತುದಿ ಸುತ್ತಿ ಹೊಂಟಲ್ಲಿಗೇ ಬಂದ್ರ ಕೂಡವಲ್ದರಿ. ಇಪ್ಪತ್ತೆಂಟು ಮೀಟರ್ ಫರಕ್ ಬರಾಕತ್ತೈತಿ."

ತುದಿಯಾಚೆ ಪದರ ಸೀಳಿಲ್ಲ, ಜೋಡಿ ಸರಿಯಿದ್ದರೆ ಸುತ್ತಿ ಬಂದಾಗ ಆಳ ತಾಳೆಯಾಗಲೇಬೇಕು. "ಆ ಫರಕ್ ಸುತ್ತಿನ ಉದ್ದಕ್ಕೂ ಹಂಚಿ ಹಾಕು, ಸಾಕು" ಎಂದೆ. ಅವಳು ಮೀಟಿಂಗಿನಲ್ಲಿ ಮತ್ತೆ ಅದನ್ನೇ ಎತ್ತಿದಾಗ ಎಲ್ಲರೆದುರು ರೇಗಿದೆ: "ನೀ ಹುಟ್ಟೂಕಿಂತ ಮೊದಲಿಂದ ಇದನ್ನ ಮಾಡಾಕತ್ತೀನಿ."

ಮರುದಿನ ಮನೆಯ ಕಾರ್ಯಕ್ಕೆಂದು ಗದಗಿಗೆ ಅಂಟಿಕೊಂಡ ನಮ್ಮೂರು ಬೆಟಗೇರಿಗೆ ಬಂದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಮಗ್ಗದ ಮುಂದೆ ಕುಳಿತು ಸೀರೆಯ ಮೈಗೂ ಸೆರಗಿಗೂ ಕೊಂಡಿ ಹಾಕುತ್ತಿದ್ದರು. ಮೈಯ ಒಂದೊಂದು ಎಳೆಯನ್ನು ಸೆರಗಿನ ಒಂದೊಂದು ಎಳೆಗೆ ಸಿಕ್ಕಿಸುವ ಕೆಲಸ. ಆಚೆ ದಡಿ ಮುಟ್ಟಿದಾಗ ಒಂದು ಎಳೆ ಉಳಿಯಿತು. ಅವರು ಹಾಕಿದ ಕೊಂಡಿಗಳನ್ನು ಬಿಚ್ಚತೊಡಗಿದರು.

"ಒಂದಕ್ಕ ಇಷ್ಟ್ಯಾಕ್ರಿ ವೈನಿ? ದಡ್ಯಾಗ ಮುಚ್ಚಿಬಿಡ್ರಿ."

"ಮುಚ್ಚಾಕ ಬರ್ತೈತಿ ತಮ್ಮಾ. ಆದ್ರ ತಪ್ಪು ದಡ್ಯಾಗಿಲ್ಲ, ನಡುವ ಎಲ್ಲೋ ಐತಿ. ಅಲ್ಲಿಂದ ಈ ಕಡಿ ಎಲ್ಲಾ ಎಳಿ ತಮ್ಮ ಜೋಡಿ ಬಿಟ್ಟು ಬಾಜೂದರ ಸಂಗಾಟ ಕುಂತಾವ."

ಫಾಲ್ಟಿನ ಎರಡು ಪಕ್ಕಕ್ಕೆ ನಾನು ಕೂಡಿಸಿದ ಜೋಡಿ ನೆನಪಾಯಿತು. ಅಂಗಳಕ್ಕೆ ಬಂದು ಫೋನ್ ಮಾಡಿದೆ: "ರೆಹಾನಾ, ಫಾಲ್ಟಿನ ಆಚೆ ಕಡಿ ಒಂದು ಪದರ ಕೆಳಗ ಹಿಡಿದು ಸುತ್ತಿ ನೋಡವಾ."

ಊಟದ ಹೊತ್ತಿಗೆ ಅವಳ ಉತ್ತರ ಬಂತು: "ಕೂಡ್ತರಿ ಸರ. ಏನೂ ಉಳೀಲಿಲ್ಲ."

ಅಂದರೆ ಆಚೆ ಪಕ್ಕದ ಮರಳುಗಲ್ಲು ನಾನು ತೋರಿಸಿದ್ದಕ್ಕಿಂತ ಇಪ್ಪತ್ತೆಂಟು ಮೀಟರ್ ಕೆಳಗಿತ್ತು. ನೀರಿನ ಮೇಲೆ ಎಣ್ಣೆ ನಿಲ್ಲುತ್ತದೆ. ಅಷ್ಟು ಕೆಳಗೆ ಬರೀ ಉಪ್ಪುನೀರು. ಆ ಸಂಜೆಯೇ ಗದಗಿನಿಂದ ಹೊರಟು ಆಫೀಸಿಗೆ ಹೋಗಿ ನಕಾಶೆಯ ಮೇಲಿನ ನನ್ನ ಸಹಿ ಹಿಂತೆಗೆದುಕೊಂಡೆ. ನಾಚಿಕೆಯಾಯಿತು, ಸುಳ್ಳು ಹೇಳಲಾರೆ. ರೇಗಿದ ಕೋಣೆಯಲ್ಲೇ, ಅದೇ ಜನರೆದುರು ರೆಹಾನಾಳ ಕ್ಷಮೆ ಕೇಳಿದೆ. ಬಾವಿಯ ಜಾಗವನ್ನು ಫಾಲ್ಟಿನ ಈಚೆಗೆ ಸರಿಸಿದರು, ಎಣ್ಣೆ ಸಿಕ್ಕಿತು.

ಕೂಡದೆ ಉಳಿದದ್ದನ್ನು ಹಂಚಿ ಮುಚ್ಚಬಾರದು, ತಪ್ಪಿದ ಜಾಗದವರೆಗೆ ಬಿಚ್ಚಬೇಕು ಎಂದು ನನ್ನ ಕೆಲಸ ಕಲಿಸಿತು. ನಿವೃತ್ತನಾಗಿ ಊರಿಗೆ ಬಂದ ಮೇಲೆ ವೈನಿಯೆದುರು ನಡೆದದ್ದನ್ನೆಲ್ಲ ಹೇಳಿ ಈ ಪಾಠವನ್ನು ಸ್ವಲ್ಪ ಜಂಬದಿಂದಲೇ ಒಪ್ಪಿಸಿದೆ. ಅವರು ಮಗ್ಗದಿಂದ ತಲೆ ಎತ್ತಲಿಲ್ಲ.

"ಉಳಿದದ್ದು ಆ ಹುಡುಗಿ ಮೊದಲ ತೋರಿಸಿದ್ಲಲ್ಲ ತಮ್ಮಾ. ಆಕಿ ಮಾತು ಕೇಳಾಕ ನೀ ಬೆಟಗೇರಿಗೆ ಬರಬೇಕಾತು."