ತೊಗರಿ ಚೀಲದ ಮೇಲಿನ ಪಾದ

ನನಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣನ್ನು ಸಿಡುಬು ಚಿಕ್ಕಂದಿನಲ್ಲೇ ತೆಗೆದುಕೊಂಡು ಹೋಗಿತ್ತು. ಅದರ ಬಗ್ಗೆ ಮದುವೆಗೆ ಮುಂಚೆ ಎರಡೂ ಮನೆಯವರು ಕೂತು ಮಾತಾಡಿ, ಚೌಕಾಸಿ ಮಾಡಿ, ಬಗೆಹರಿಸಿಕೊಂಡಿದ್ದರು. ಬಲಗಣ್ಣಿನ ಬಗ್ಗೆ ಯಾರೂ ಏನೂ ಮಾತಾಡಿರಲಿಲ್ಲ. ಅದು ಕೊನೆಯವರೆಗೂ ಇರುತ್ತದೆ ಎಂದೇ ಎಲ್ಲರೂ ತಿಳಿದಿದ್ದರು, ನಾನೂ.

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ಹುಮನಾಬಾದಿನಲ್ಲಿ ನಮ್ಮದು ರೈತರ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿ; ಮುಂದೆ ಅಂಗಡಿ, ಹಿಂದೆ ಮನೆ, ನಡುವಿನ ಪಡಸಾಲೆಯಲ್ಲಿ ಅಂಗಡಿಗೂ ಮನೆಗೂ ಸೇರಿದ ಚೀಲಗಳು. ನಾನು ಅಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಾಗ ಮೊರದ ಮೇಲೆ ನೊಣ ಹಾರಿದಂತಾಯಿತು. ಓಡಿಸಿದೆ, ಹೋಗಲಿಲ್ಲ. ಮೊರ ಬಿಟ್ಟು ಗೋಡೆ ನೋಡಿದೆ. ಗೋಡೆಯ ಮೇಲೂ ಅವೇ ನೊಣಗಳು. ಮರುದಿನ ಕಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತೆ ಬೆಳಕು. ಆಮೇಲೆ ಕೆಳಗಿನಿಂದ ಒಂದು ಕಪ್ಪು ನೆರಳು ಏರತೊಡಗಿತು. ಹೊಲಕ್ಕೆ ನೀರು ಬಿಟ್ಟಾಗ ಮಡಿ ತುಂಬುತ್ತಾ ಬರುತ್ತದಲ್ಲ, ಹಾಗೆ, ಅವಸರವಿಲ್ಲದೆ. ಮೊದಲು ನನ್ನ ಕಾಲು ಕಾಣದಾದವು. ಆಮೇಲೆ ಎದುರಿಗೆ ನಿಂತವರ ಕಾಲು.

ಅತ್ತೆಗೆ ಹೇಳಿದೆ. ಅತ್ತೆ ಮಾವನಿಗೆ ಹೇಳಿದರು. ಮಾವನಿಗೆ ಕಣ್ಣಿನ ವಿಷಯ ಗೊತ್ತಿತ್ತು, ಯಾಕೆಂದರೆ ಶಾಲೆಯಲ್ಲಿ ನಡೆದ ಶಿಬಿರದಲ್ಲಿ ಅವರ ಮೋತಿಬಿಂದು ತೆಗೆದಿದ್ದರು. ಕಣ್ಣಿಗೆ ಪೊರೆ ಬಂದರೆ ನಮ್ಮ ಕಡೆ ಮೋತಿಬಿಂದು ಎನ್ನುತ್ತಾರೆ. ಕಣ್ಣಿಗೆ ಬೇರೆ ಏನಾದರೂ ಬರಬಹುದು ಎಂಬ ಸುದ್ದಿ ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ. ಅಂದಿನಿಂದ ಮಾವ ದಿನಾ ಮುಂಜಾನೆ ಪೂಜೆ ಮುಗಿಸಿ ನನ್ನ ಕಣ್ಣಿನ ತಪಾಸಣೆಗೆ ಬರತೊಡಗಿದರು. ಸೊಸೆಯ ಮುಖವನ್ನು ಮಾವ ಹತ್ತಿರದಿಂದ ನೋಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಆದ್ದರಿಂದ ಅವರು ಹೊಸ್ತಿಲಾಚೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಅತ್ತೆ ನನ್ನ ರೆಪ್ಪೆ ಎತ್ತಿ ನೋಡಿ ವರದಿ ಒಪ್ಪಿಸುತ್ತಿದ್ದರು.

“ಬೆಳ್ಳಗ ಆಗ್ಯಾದೇನು?”

“ಇಲ್ರಿ. ಕರ್ರಗೇ ಅದ.”

“ಹಂಗಾರ ಇನ್ನೂ ಹಣ್ಣಾಗಿಲ್ಲ. ಕಾಯಿ ಇದ್ದಾಗ ಕೊಯ್ದರ ಕಣ್ಣೇ ಹೋಗ್ತದ. ತಡೀರಿ.”

ತೊಗರಿ ಕಾಳನ್ನು ಹಲ್ಲಿಗೆ ಕಚ್ಚಿ ಒಣಗಿದೆಯೋ ಇಲ್ಲವೋ ಹೇಳುವವರು ಅವರು. ಆ ಮಾತಿನಲ್ಲಿ ಅವರು ಸೋತದ್ದನ್ನು ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ. ನೋಡಲು ಬಂದವರೆಲ್ಲ ಅವರ ಪರವಾಗಿಯೇ ಮಾತಾಡಿದರು. ಘಾಟಬೋರಾಳದಿಂದ ಮಾವನ ಅಕ್ಕ ಕೂಡ, ಅವಸರ ಮಾಡಬ್ಯಾಡರಿ, ನನ್ನ ಎರಡೂ ಕಣ್ಣು ಪೂರ್ತಿ ಹಣ್ಣಾದ ಮ್ಯಾಲೇ ತೆಗಿಸೀನಿ ಎಂದು ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದರು. ನೆರಳು ಮಾತ್ರ ಯಾರ ಅಭಿಪ್ರಾಯವನ್ನೂ ಕೇಳದೆ ಏರುತ್ತಿತ್ತು. ಒಂದು ಸಂಜೆ ನನ್ನ ಗಂಡನ ಮುಖದಲ್ಲಿ ಹಣೆಯಷ್ಟೇ ಉಳಿದಿತ್ತು.

ನಾನು ಉಳಿದದ್ದು ಅಣ್ಣನ ಮಗುವಿನ ತೊಟ್ಟಿಲ ಕಾರ್ಯದಿಂದ. ಅದಕ್ಕೆ ಬಸವಕಲ್ಯಾಣದ ತವರಿಗೆ ಹೋದೆ. ಬಸ್ಸಿನಿಂದ ಇಳಿಯುವಾಗ ನಾನು ಕಾಲು ಚಾಚಿ ನೆಲ ತಡಕಿದ್ದನ್ನು ಅಣ್ಣ ನೋಡಿದ. ಮನೆಗೂ ಕರೆದೊಯ್ಯದೆ ನೇರ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿ ಹೊಸದಾಗಿ ವರ್ಗವಾಗಿ ಬಂದ ತೆಳ್ಳನೆಯ ಡಾಕ್ಟರೊಬ್ಬರು ಕಿಟಕಿ ಮುಚ್ಚಿಸಿ, ಸಣ್ಣ ದೀಪ ಹಿಡಿದು, ಬಹಳ ಹೊತ್ತು ಕಣ್ಣೊಳಗೆ ನೋಡಿದರು. ಅಣ್ಣ ಸುಮ್ಮನಿರಲಾರದೆ, “ಹಣ್ಣಾಗ್ಲಿ ಅಂತ ಕಾಯಾಕತ್ತಾರ್ರಿ ಅವರ ಮನ್ಯಾಗ” ಎಂದ.

ಡಾಕ್ಟರು ದೀಪ ಆರಿಸಿದರು. “ಇದು ಹಣ್ಣಾಗೋದಲ್ಲ. ಉದುರೋದು. ಇವತ್ತೇ ಹೈದರಾಬಾದಿಗೆ ಹೋಗಿ. ಇವರನ್ನ ಮಲಗಿಸಿಕೊಂಡೇ ಹೋಗಿ.”

ಬಸ್ಸಿನ ಉದ್ದ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಹೋದೆ. ಸೀಟು ಬಿಟ್ಟುಕೊಟ್ಟವರು ಅದಕ್ಕೆ ಪ್ರತಿಯಾಗಿ ತಮ್ಮ ತಮ್ಮ ಮನೆಯ ಮೋತಿಬಿಂದುಗಳ ಕಥೆ ಹೇಳಿದರು. ಅವ್ವ ಎಲ್ಲದಕ್ಕೂ ಹೌದ್ರಿ ಹೌದ್ರಿ ಎಂದಳು. ಬಸ್ಸು ಕುಲುಕಿದಾಗಲೆಲ್ಲ ನನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದಳು.

ಹೈದರಾಬಾದಿನ ದೊಡ್ಡ ದವಾಖಾನೆಗೆ ನನ್ನ ಗಂಡನೂ ಬಂದು ಸೇರಿದರು. ಅಲ್ಲಿನ ದೊಡ್ಡ ಡಾಕ್ಟರು ಉರ್ದುವಿನಲ್ಲಿ ವಿವರಿಸಿದರು. ಕಣ್ಣೊಳಗೆ ಹಿಂದಿನ ಗೋಡೆಗೆ ತೆಳ್ಳನೆಯ ಪರದೆ ಅಂಟಿಕೊಂಡಿರುತ್ತದೆ, ನಾವು ನೋಡುವುದು ಅದರಿಂದ. ಆ ಪರದೆಯಲ್ಲಿ ತೂತಾಗಿ, ನೀರು ಹಿಂದೆ ಸೇರಿ, ಹಸಿ ಗೋಡೆಗೆ ಮೆತ್ತಿದ ಗಾರೆಯ ಗಿಲಾವಿನಂತೆ ಕಳಚಿ ಬಂದಿದೆ. ನನ್ನ ಗಂಡ ಗಿಲಾವು ಮೆತ್ತಿಸಿ ಬಲ್ಲವರು. ಮತ್ತೆ ಅಂಟಿಸಬಹುದೇ ಎಂದು ಕೇಳಿದರು. ಡಾಕ್ಟರು, ಗಿಲಾವನ್ನು ಹಿಡಿದೆಳೆದರೆ ಹರಿಯುತ್ತದೆ, ಅದಕ್ಕೇ ಗೋಡೆಯನ್ನು ಗಿಲಾವಿನ ಕಡೆಗೆ ಒತ್ತುತ್ತೇವೆ ಎಂದರು. ಕಣ್ಣುಗುಡ್ಡೆಯ ಹೊರಗೆ ಒಂದು ಸಣ್ಣ ರಬ್ಬರು ಪಟ್ಟಿ ಹೊಲಿದು, ಗೋಡೆಯನ್ನು ಒಳಗೆ ತಗ್ಗಿಸಿ, ತೂತಿನ ಸುತ್ತ ಹಿಮದಂತೆ ತಣ್ಣಗೆ ಮಾಡಿ ಬೆಸೆಯುವುದು. ಕೂತರೆ ಕೂತಿತು. ಕೂರದಿದ್ದರೆ ಎಂದು ನನ್ನ ಗಂಡ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ಕೆಲವು ದಿನ ನಾನು ಕಂಡದ್ದು ಏನೂ ಇಲ್ಲ, ಕೇಳಿದ್ದಷ್ಟೇ. ಎರಡೂ ಕಣ್ಣಿಗೆ ಪಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ. ಕೆಮ್ಮು ಬಂದರೆ ನುಂಗಬೇಕು. ನಗು ಬಂದರೂ ನುಂಗಬೇಕು. ಅದಕ್ಕೆ ಸಂದರ್ಭಗಳೇನೂ ಕಮ್ಮಿ ಇರಲಿಲ್ಲ. ಬಿಡುಗಡೆಯ ದಿನ ಡಾಕ್ಟರು, ಮೂರು ತಿಂಗಳು ತಲೆ ಬಗ್ಗಿಸಬಾರದು, ಭಾರ ಎತ್ತಬಾರದು, ಕಣ್ಣಿಗೆ ಕೈ ಹಚ್ಚಲೇಬಾರದು ಎಂದರು. ನನ್ನ ಗಂಡ ಮನೆಯ ಕೆಲಸಗಳನ್ನು ಒಂದೊಂದಾಗಿ ಅವರ ಮುಂದಿಟ್ಟರು. ರೊಟ್ಟಿ ಬಡಿಯಬಹುದೇ? ಇಲ್ಲ. ಕೊಡ? ಇಲ್ಲ. ಕೂತಲ್ಲೇ ತೊಗರಿ ಹಸನು? ಅದೂ ಬಗ್ಗಿ ಮಾಡುವುದೇ, ಇಲ್ಲ. ಹಾಗಾದರೆ ಮೂರು ತಿಂಗಳು ಮನೆಯಲ್ಲಿ ಇವಳು ಏನು ಮಾಡಬೇಕು ಎಂದು ಕೇಳಿದಾಗ ಡಾಕ್ಟರು, “ನೋಡಲಿ” ಎಂದರು.

ಮನೆಯ ಹೆಂಗಸು ಮಾಡುವ ಕೆಲಸಗಳಲ್ಲಿ ಇದೂ ಒಂದು ಎಂದು ನನ್ನ ಗಂಡನಿಗೆ ಆವರೆಗೆ ಹೊಳೆದಿರಲಿಲ್ಲ. ಆದರೆ ಡಾಕ್ಟರಿಗೂ ಒಂದು ವಿಷಯ ಹೊಳೆದಿರಲಿಲ್ಲ. ನಮ್ಮ ಕಡೆ ಸೊಸೆಯಾದವಳು ಅತಿ ಹೆಚ್ಚು ಸಲ ಬಗ್ಗುವುದು ರೊಟ್ಟಿಗೂ ಅಲ್ಲ, ಕೊಡಕ್ಕೂ ಅಲ್ಲ. ಹಿರಿಯರ ಕಾಲಿಗೆ.

ಹುಮನಾಬಾದಿಗೆ ಮರಳಿದ ಮೊದಲ ದಿನವೇ ಪಕ್ಕದ ಮನೆಯ ಹಿರಿಯಾಕೆ ನೋಡಲು ಬಂದರು. ನಾನು ನೆಟ್ಟಗೆ ನಿಂತು ಕೈ ಜೋಡಿಸಿದೆ. ಅವರು ಸೀರೆಯನ್ನು ಚೂರು ಎತ್ತಿ, ಕಾಲು ಮುಂದಿಟ್ಟು ಕಾದರು. ಅತ್ತೆ ವಿಷಯ ತಿಳಿಸಿದರು. ಹಿರಿಯಾಕೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, “ಹೌದೇನ್ರಿ? ನಮ್ಮ ಸೊಸಿಗೆ ಇಂಥಾ ಆಪರೇಶನ್ ಯಾವಾಗ ಆತೋ ನಮಗ ಗೊತ್ತೇ ಇಲ್ಲ ನೋಡ್ರಿ. ಆಕೀನೂ ಬಗ್ಗೂದಿಲ್ಲ” ಎಂದರು. ಸಂಜೆಯೊಳಗೆ ಓಣಿಯಲ್ಲಿ ಸುದ್ದಿ ಹಬ್ಬಿತು: ಅಡತಿಯವರ ಸೊಸೆ ಕಣ್ಣಿನೊಳಗೆ ರಬ್ಬರು ಹಾಕಿಸಿಕೊಂಡು ಬಂದಿದ್ದಾಳೆ, ಈಗ ಯಾರಿಗೂ ನಮಸ್ಕಾರ ಮಾಡುವುದಿಲ್ಲ.

ಸುದ್ದಿ ಘಾಟಬೋರಾಳಕ್ಕೂ ತಲುಪಿತು. ಮಾವನ ಅಕ್ಕ ಬಂದೇಬಿಟ್ಟರು. ನಮ್ಮ ಮನೆಯ ಮದುವೆಗಳನ್ನೆಲ್ಲ ಕೂಡಿಸಿದವರು, ನನ್ನ ಎಡಗಣ್ಣಿನ ಚೌಕಾಸಿಯನ್ನು ಮುಗಿಸಿದವರು ಅವರೇ. ನಾವು ಅವರನ್ನು ಘಾಟಬೋರಾಳದ ಅತ್ತೆ ಎನ್ನುತ್ತಿದ್ದೆವು. ಅವರು ಬಾಗಿಲಲ್ಲೇ ನಿಂತರು. ಅತ್ತೆ ನೀರಿನ ತಂಬಿಗೆ ಹಿಡಿದರೆ ಮುಟ್ಟಲಿಲ್ಲ.

“ನಾ ಈ ಮನಿ ಹೆಣ್ಮಗಳು. ಮೊದಲ ಸೊಸಿ ಬರ್ಲಿ. ನೀರು ಆಮ್ಯಾಲ.”

ಅತ್ತೆ ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಒಪ್ಪಿಸಿದರು. ತಲೆ ಬಗ್ಗಿಸಬಾರದು, ಭಾರ ಎತ್ತಬಾರದು, ಕಣ್ಣಿಗೆ ಕೈ ಹಚ್ಚಬಾರದು. ಘಾಟಬೋರಾಳದ ಅತ್ತೆ ತೊಲೆ ನೋಡುತ್ತಾ ನಿಂತಿದ್ದರು, ಕೇಳಿಸಿಕೊಂಡಂತೆ ಕಾಣಲಿಲ್ಲ. ಮುಗಿದ ಮೇಲೆ, ತಾನೂ ಎರಡೂ ಕಣ್ಣು ಕೊಯ್ಸಿಕೊಂಡವಳು, ತಾನು ದೇವರಿಗೆ ಬಗ್ಗುವುದು ಬಿಟ್ಟಿದ್ದೆನೇ ಎಂದು ಕೇಳಿದರು. ಅಕ್ಕ ಬಾಯಾರಿ ಬಿಸಿಲಲ್ಲಿ ನಿಂತಿದ್ದನ್ನು ಮಾವ ನೋಡಲಾರದೆ ಒಂದು ದಾರಿ ಸೂಚಿಸಿದರು: ಮಗನೇ ಎರಡು ಸಲ ಕಾಲಿಗೆ ಬೀಳಲಿ, ಒಂದು ಅವನದು, ಒಂದು ಅವಳದು.

“ಇವಂದು ಇವಂದು, ಆಕೀದು ಆಕೀದು. ಇದೇನು ನಿನ್ನ ಅಂಗಡಿ ಲೆಕ್ಕ ಏನೋ ತಮ್ಮಾ?”

ನಾನು ಪಡಸಾಲೆಯಲ್ಲಿ ನಿಂತಿದ್ದೆ. ಆ ಹೊತ್ತಿಗೆ ನನ್ನ ಕಣ್ಣಿಗೆ ಬೆಳಕು, ಬಾಗಿಲು, ಬಾಗಿಲಲ್ಲಿ ನಿಂತ ಒಂದು ಆಕಾರ, ಇಷ್ಟು ಬಂದಿತ್ತು. ಹೊಲಿದ ಪಟ್ಟಿ ಒಳಗೆ ಎಲ್ಲೋ ಚುಚ್ಚುತ್ತಿತ್ತು. ಗಿಲಾವು ಇನ್ನೂ ಹಸಿ. ಇದೆಲ್ಲ ಚೆನ್ನಾಗಿ ಗೊತ್ತಿದ್ದೂ ನನ್ನ ಬೆನ್ನು ತಾನಾಗಿ ಬಾಗಲು ಹೊರಟಿತ್ತು. ಡಾಕ್ಟರು ಹೇಳಿದ್ದು ನನಗೆ ಕೇಳಿತ್ತು, ನನ್ನ ಬೆನ್ನಿಗೆ ಕೇಳಿರಲಿಲ್ಲ. ನನ್ನ ಗಂಡ ಅದನ್ನು ನೋಡಿರಬೇಕು. ನನ್ನ ಭುಜ ಹಿಡಿದು ನಿಲ್ಲಿಸಿದರು.

“ಅತ್ತಿ, ಗಿಲಾವು ಗೋಡಿ ಕಡೆ ಬರ್ಲಿಲ್ಲಂದ್ರ ಗೋಡೀನೇ ಗಿಲಾವಿನ ಕಡೆ ಒಯ್ಯಬೇಕಂತ. ಹೈದರಾಬಾದಿನ ದೊಡ್ಡ ಡಾಕ್ಟ್ರು ಹೇಳ್ಯಾರ.”

“ಅಂದ್ರ?”

“ಅಂದ್ರ ನೀವು ಮ್ಯಾಲೆ ಏರ್ರಿ.”

ಅಂಗಡಿಯಿಂದ ಹಮಾಲರು ಬಂದರು. ತೊಗರಿ ಚೀಲ ಒಂದರ ಮೇಲೊಂದು ಮಲಗಿಸಿದರು, ಪಕ್ಕದಲ್ಲಿ ಒಂದನ್ನು ಮೆಟ್ಟಿಲಿನಂತೆ ಇಟ್ಟರು. ಘಾಟಬೋರಾಳದ ಅತ್ತೆ ಮೊದಲು ಚೀಲಗಳನ್ನು ನೋಡಿದರು, ಆಮೇಲೆ ತಮ್ಮನನ್ನು ನೋಡಿದರು. ನಮಸ್ಕಾರ ಬೇಕೆಂದರೆ ಏರಬೇಕು, ಏರದಿದ್ದರೆ ನಮಸ್ಕಾರವಿಲ್ಲ. ಕೊನೆಗೆ ತಮ್ಮನ ಹೆಗಲು ಹಿಡಿದು ಏರಿದರು. ಕಾಲಡಿಯ ತೊಗರಿ ಸರಿದು ಅವರು ಒಮ್ಮೆ ವಾಲಿದರು. ತಲೆಯ ಮೇಲಿನ ಜಂತಿ ಹಿಡಿದುಕೊಂಡರು. ಅದೇ ಹೊತ್ತಿಗೆ ಪಕ್ಕದ ಮನೆಯ ಹಿರಿಯಾಕೆ ಬಾಗಿಲಿಗೆ ಬಂದು ಬೆರಗಾಗಿ ನಿಂತರು. ಮಾವ ತಡವರಿಸದೆ, “ಅಕ್ಕ ಮಾಲು ನೋಡಾಕತ್ತಾಳ್ರಿ” ಎಂದರು.

ಈಗ ಪಾದಗಳು ನನ್ನ ಸೊಂಟದ ಮಟ್ಟಕ್ಕೆ ಬಂದಿದ್ದವು. ನನ್ನನ್ನು ಹತ್ತಿರ ಕರೆದೊಯ್ದರು. ಕತ್ತು ನೆಟ್ಟಗಿಟ್ಟು, ಎದುರಿಗೆ ನೋಡುತ್ತಲೇ, ಕೈಯಿಂದ ತಡಕಿ ಮುಟ್ಟಿದೆ. ಬಿರಿದ ಹಿಮ್ಮಡಿ, ಬೆರಳಿಗೆ ಕಾಲುಂಗುರ, ಮೇಲೆಲ್ಲ ಧೂಳು. ಎತ್ತರದಿಂದ ಆಶೀರ್ವಾದ ಬಂತು. ಎಲ್ಲರೂ ಉಸಿರು ಬಿಟ್ಟರು. ನಾನೂ ಬಿಟ್ಟೆ. ಬಿಟ್ಟು, ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಂತೆ, ಪಾದ ಮುಟ್ಟಿದ ಎರಡೂ ಕೈಗಳನ್ನು ಕಣ್ಣಿಗೆ ಒತ್ತಿಕೊಳ್ಳಲು ಎತ್ತಿದೆ.

“ಏ ಹುಚ್ಚಿ, ಕಣ್ಣಿಗೆ ಮುಟ್ಟಬ್ಯಾಡ!”

ಕೈಗಳು ರೆಪ್ಪೆಯ ಹತ್ತಿರ ನಿಂತುಬಿಟ್ಟವು. ಯಾರೋ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದರು. ನೋಡಿದರೆ ಘಾಟಬೋರಾಳದ ಅತ್ತೆ. ಜಂತಿ ಬಿಟ್ಟು, ಚೀಲದ ಮೇಲಿಂದ ಸೊಂಟ ಮಡಚಿ ಬಾಗಿ, ನನ್ನ ಎರಡೂ ಕೈ ಹಿಡಿದುಕೊಂಡಿದ್ದರು. ಅವರ ಸೆರಗು ಜಾರಿ ನನ್ನ ಭುಜದ ಮೇಲೆ ಬಿದ್ದಿತ್ತು. ತೊಲೆ ನೋಡುತ್ತಾ ನಿಂತವರು ಅತ್ತೆ ಒಪ್ಪಿಸಿದ್ದರಲ್ಲಿ ಒಂದು ಮಾತೂ ಬಿಡದೆ ಕೇಳಿಸಿಕೊಂಡಿದ್ದರು. ನನ್ನ ಕೈ ಬಿಟ್ಟರೆ ಅವರು ಬೀಳುತ್ತಿದ್ದರು, ಹಿಡಿದಿದ್ದರೆ ಏಳಲು ಆಗುತ್ತಿರಲಿಲ್ಲ. ಹಾಗೇ ಬಾಗಿಕೊಂಡು, ನನಗಷ್ಟೇ ಕೇಳುವಂತೆ ಹೇಳಿದರು:

“ಧೂಳ ಅದವ್ವಾ ಕಾಲಿಗೆ. ಹೊಲಸು ಧೂಳ.”

ಆವರೆಗೆ ಹಿರಿಯರ ಪಾದಧೂಳಿಯನ್ನು ಆ ಮನೆಯಲ್ಲಿ ಯಾರೂ ಬರೀ ಧೂಳೆಂದು ಕರೆದಿರಲಿಲ್ಲ. ಹಮಾಲರು ಅವರನ್ನು ಚೀಲ ಇಳಿಸಿದಂತೆ ಇಳಿಸಿದರು. ಇಳಿದವರೇ ಅತ್ತೆ ಎರಡು ತಂಬಿಗೆ ನೀರು ಕುಡಿದರು.

ಮರುದಿನ ಊರಿಗೆ ಹೋಗುವ ಮುಂಚೆ, ಮೂರು ತಿಂಗಳು ಈ ಮನೆಯಲ್ಲಿ ಯಾರೂ ಯಾರ ಕಾಲಿಗೂ ಬೀಳಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಬೇರೆಯವರು ಬೀಳುವುದನ್ನು ನೋಡಿದರೆ ಹುಡುಗಿಗೆ ಮತ್ತೆ ಚಟ ಬರುತ್ತದೆ ಎಂಬುದು ಅವರ ಕಾರಣ. ಘಾಟಬೋರಾಳದಲ್ಲಿ ಅವರು ಹೇಳಿದ ಕಥೆಯೇ ಬೇರೆ ಎಂದು ಆಮೇಲೆ ಗೊತ್ತಾಯಿತು. ಹೈದರಾಬಾದಿನ ಡಾಕ್ಟರೇ, ಹಿರಿಯರು ಎತ್ತರದಲ್ಲಿ ನಿಂತರೆ ಕಣ್ಣು ಬೇಗ ಕೂರುತ್ತದೆ ಎಂದು ಬರೆದುಕೊಟ್ಟಿದ್ದರಂತೆ.

ಮೂರು ತಿಂಗಳು ಮುಗಿದಾಗ ಹೈದರಾಬಾದಿಗೆ ಹೋದೆವು. ಡಾಕ್ಟರು ದೀಪ ಹಿಡಿದು ನೋಡುವಷ್ಟು ಹೊತ್ತು ನನ್ನ ಗಂಡ ಗೋಡೆಗೆ ಒರಗಿ ನಿಂತಿದ್ದರು. ಪರದೆ ಕೂತಿದೆ ಎಂದರು ಡಾಕ್ಟರು. ಆಮೇಲೆ ಕಿಟಕಿಯ ಸರಳುಗಳನ್ನು ತೋರಿಸಿ ಹೇಗೆ ಕಾಣುತ್ತವೆ ಎಂದು ಕೇಳಿದರು. ನಡುವೆ ಬಾಗಿವೆ ಎಂದೆ. ಬರುವುದು ತಡವಾಯಿತು, ಆಪರೇಶನ್‌ಗೆ ಮುಂಚೆಯೇ ಪರದೆಯ ನಡುಭಾಗವೂ ಕಳಚಿತ್ತು, ಇನ್ನು ಇವರಿಗೆ ನೆಟ್ಟಗಿರುವುದು ನೆಟ್ಟಗೆ ಕಾಣುವುದಿಲ್ಲ, ಆದರೆ ಕಾಣುತ್ತದೆ ಎಂದರು. ಮನೆಗೆ ಬಂದು ಇದನ್ನು ಹೇಳಿದಾಗ ಮಾವ ಎದ್ದು ಅಂಗಡಿಗೆ ಹೋದರು. ವಾರದೊಳಗೆ ಗಿರಾಕಿಗಳಿಗೆ, ಮೋತಿಬಿಂದು ಹಣ್ಣಾಗಬೇಕು, ಪರದೆಯನ್ನು ಹಣ್ಣಾಗಲು ಬಿಡಬಾರದು ಎಂದು ತಾವೇ ಕಂಡುಹಿಡಿದವರಂತೆ ಹೇಳುತ್ತಿದ್ದರು.

ಘಾಟಬೋರಾಳದ ಅತ್ತೆ ಮತ್ತೆ ಬಂದರು. ಈಗ ಬಗ್ಗಬಹುದಿತ್ತು. ನಾನು ಬಗ್ಗಲು ಹೋದರೆ ಅವರು ಕಾಲು ಹಿಂದಕ್ಕೆಳೆದುಕೊಂಡರು. ಗದ್ದ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದರು.

“ಕಾಣ್ತೀನೇನು?”

“ಕಾಣ್ತೀರಿ, ಅತ್ತಿ.”

“ಹ್ಯಾಂಗ ಕಾಣಾಕತ್ತೀನಿ? ಖರೇ ಹೇಳು.”

ಮಾವ ಹೊಸ್ತಿಲಾಚೆ ಕೆಮ್ಮಿದರು. ನನ್ನ ಗಂಡ ಕಣ್ಸನ್ನೆ ಮಾಡಿದರು. ಅದೂ ನನಗೆ ಈಗ ಕಾಣುತ್ತಿತ್ತು. ಆದರೆ ಅವರು ಖರೇ ಹೇಳು ಎಂದಿದ್ದರು.

“ಸ್ವಲ್ಪ ಬಾಗಿ ಕಾಣ್ತೀರಿ.”

ಅವರು ಪಡಸಾಲೆಯ ಚೀಲಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು, ಮೆಲ್ಲಗೆ ಕೆಳಗೆ ಕೂತರು.

“ಸರಿ ಕಾಣಾಕತ್ತದ. ಆವತ್ತಿನಿಂದ ನನ್ನ ನಡ ಹಂಗೇ ಅದ” ಎಂದರು. ಆಮೇಲೆ ನೀರು ಕೇಳಿದರು.