ಏಳನೆಯವರು

ವಾಲಿಬಾಲಿನಲ್ಲಿ ಅಂಕಣಕ್ಕಿಳಿಯುವವರು ಆರೇ ಜನ. ನಮ್ಮ ಚಿಕ್ಕಪ್ಪ ಏಳನೆಯವರು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು, ಅವರೂ ನಗುನಗುತ್ತಾ ಓಗೊಡುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಕೆಲಸ ಬಿಟ್ಟ ಮೇಲೆ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಆಟ. ನೆಟ್ ಕಟ್ಟುವುದು, ಚೆಂಡಿಗೆ ಗಾಳಿ ತುಂಬುವುದು, ಆಡುವವರ ಗಡಿಯಾರಗಳನ್ನೆಲ್ಲ ಮೊಣಕೈವರೆಗೆ ಕಟ್ಟಿಕೊಂಡು ಗೆರೆಯಾಚೆ ನಿಲ್ಲುವುದು ಚಿಕ್ಕಪ್ಪನ ಪಾಲು. ಹೊರಗೆ ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಎಸೆಯುತ್ತಿದ್ದರು. ಗೋಡೆ ದಾಟಿದರೆ ಬೀದಿಗೆ ಓಡಿ ತರುತ್ತಿದ್ದರು. ಬೆನ್ನಿಗೆ ನಂಬರಿದ್ದ ಬಿಳಿ ಅಂಗಿ ಅವರಿಗೂ ಇತ್ತು. ಅದು ಇಸ್ತ್ರಿ ಮುರಿಯದೆ ಮನೆಗೆ ಬರುತ್ತದೆಂದು ಚಿಕ್ಕಮ್ಮ ಕಾಲೆಳೆಯುತ್ತಿದ್ದರು.

ಒಮ್ಮೆ ನೆಟ್ಟಿನ ಹಗ್ಗ ಬಿಗಿಯುತ್ತಾ ನನ್ನ ಹತ್ತಿರ ಮೆಲ್ಲಗೆ ಹೇಳಿದ್ದರು. “ಒಂದೇ ಒಂದು ಸಲ ಆಡ್ಬೇಕು ಕಣೇ. ನಿನ್ನ ಚಿಕ್ಕಮ್ಮ ನೋಡ್ಬೇಕು.”

ಆ ವರ್ಷ ತಂಡದ ಅರ್ಧ ಜನಕ್ಕೆ ಬೇರೆ ಊರಿನ ಶಾಖೆಗೆ ವರ್ಗವಾಯಿತು. ಎಲ್ಲರೂ ಸೇರಿ ಆಡುವ ಕೊನೆಯ ಪಂದ್ಯವೆಂದು ಚಿಕ್ಕಮ್ಮನೂ ಬಂದಿದ್ದರು. ಅರ್ಧ ಆಟದಲ್ಲಿ ಒಬ್ಬನ ಪಾದ ಉಳುಕಿತು. ತಂಡದ ನಾಯಕ, ವೆಲ್ಡಿಂಗ್ ವಿಭಾಗದವನು, ಚಿಕ್ಕಪ್ಪನಿಗೆ ಕೈಸನ್ನೆ ಮಾಡಿದ.

ಕೈಗೆ ಕಟ್ಟಿದ್ದ ಗಡಿಯಾರಗಳನ್ನು ಬಿಚ್ಚುವಷ್ಟರಲ್ಲಿ ಎರಡೂ ತಂಡಗಳು ಕಾದು ಸುಸ್ತಾದವು. ಎಲ್ಲವನ್ನೂ ಚಿಕ್ಕಮ್ಮನ ಮಡಿಲಿಗೆ ಸುರಿದು ಅವರು ಒಳಗೆ ಹೋದರು.

ಮೊದಲ ಚೆಂಡು ನೇರ ಅವರ ಎದೆಗೇ ಬಂತು. ಚಿಕ್ಕಪ್ಪ ಎರಡೂ ಕೈಯಲ್ಲಿ ಗಬಕ್ಕನೆ ಹಿಡಿದು, ಸರ್ವಿಸ್ ಮಾಡಿಕೊಳ್ಳಲಿ ಎಂಬಂತೆ ಎದುರಾಳಿಗೆ ಎಸೆದುಬಿಟ್ಟರು. ವಾಲಿಬಾಲಿನಲ್ಲಿ ಚೆಂಡು ಹಿಡಿದರೆ ಪಾಯಿಂಟ್ ಹೋಯಿತೆಂದೇ ಲೆಕ್ಕ. ಇಡೀ ಬಯಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. ಚಿಕ್ಕಮ್ಮ ನಗಲಿಲ್ಲ, ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡರು. ನಗುತ್ತಿದ್ದವರನ್ನೆಲ್ಲ ಚೆನ್ನಾಗಿ ಬೈಯಬೇಕೆನಿಸಿತು ನನಗೆ.

ಇನ್ನೊಂದು ಚೆಂಡೂ ಅವರ ಕಡೆಗೇ ಬಂತು. ಈ ಸಲ ಹಲ್ಲು ಕಚ್ಚಿ, ಮುಷ್ಟಿ ಬಿಗಿದು ಹೊಡೆದರು. ಚೆಂಡು ನೆಟ್ಟನ್ನೂ ಎದುರಾಳಿಗಳನ್ನೂ ಗೋಡೆಯನ್ನೂ ದಾಟಿ ಬೀದಿಗೆ ಬಿತ್ತು. ಬಿದ್ದದ್ದೇ ತಡ, ಚಿಕ್ಕಪ್ಪ ಗೇಟಿನ ಕಡೆ ಓಟ ಕಿತ್ತರು.

ನಾಯಕ ಹಿಂದಿನಿಂದ ಅವರ ಅಂಗಿ ಹಿಡಿದೆಳೆದ.

“ಎಲ್ಲಿಗೋ ಓಡ್ತೀಯ? ನೀನೀಗ ಆಡ್ತಾ ಇದ್ದೀಯ. ನಿನ್ನ ಜಾಗದಲ್ಲಿ ನಿಂತ್ಕೋ.”

ಹಾಗೆಂದವನು ಚೆಂಡು ತರಲು ತಾನೇ ಬೀದಿಗೆ ಓಡಿದ.